ನರಮೇಧದ ನಂತರ ಸೇಡೋ, ನ್ಯಾಯವೋ: ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರದ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಇಪ್ಪತ್ತನೇ ಶತಮಾನದ ನರಮೇಧಗಳ ಪಾಠ ಬಂದಾಗಲೆಲ್ಲ ಗಂಟೆ ಹೊಡೆದ ಮೇಲೂ ಕ್ಲಾಸು ಮುಗಿಯುವುದಿಲ್ಲ. ಚಿಂತಾಮಣಿ, ಮುಳಬಾಗಿಲು, ಗೌರಿಬಿದನೂರಿನ ಕಡೆ ಮಾತನಾಡಲು ಹೋದಾಗಲೂ, ಆಮೇಲೆ ಬರುವ ಪತ್ರಗಳಲ್ಲೂ ಇವೇ ಪ್ರಶ್ನೆಗಳು. ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ಉತ್ತರಗಳಲ್ಲಿ ನನ್ನ ಅಭಿಪ್ರಾಯವೂ ಸೇರಿದೆ.

## ಮೊದಲು ತಿಳಿಯಬೇಕಾದ್ದು

ತುಂಬಾ ಜನ ಸತ್ತರೆ ಅದು ನರಮೇಧ ಅಲ್ವಾ ಸಾರ್? ಅದಕ್ಕೆ ಬೇರೆ ಕಾನೂನು ಯಾಕೆ?

ಎಷ್ಟು ಜನ ಸತ್ತರು ಎಂಬುದಕ್ಕಿಂತ ಯಾಕೆ ಕೊಂದರು ಎಂಬುದು ಇಲ್ಲಿ ಮುಖ್ಯ. ವಿಶ್ವಸಂಸ್ಥೆ 1948ರ ಡಿಸೆಂಬರ್ 9ರಂದು ನರಮೇಧ ತಡೆಯುವ ಒಪ್ಪಂದವನ್ನು ಅಂಗೀಕರಿಸಿತು. ದೇಶ, ಕುಲ, ಜನಾಂಗ ಅಥವಾ ಧರ್ಮದ ಹೆಸರಿನಲ್ಲಿ ಗುರುತಿಸುವ ಒಂದು ಗುಂಪನ್ನು ಪೂರ್ತಿಯಾಗಿಯೋ ಸ್ವಲ್ಪ ಭಾಗವನ್ನೋ ಇಲ್ಲವಾಗಿಸುವ ಉದ್ದೇಶ ಇದ್ದರೆ ಅದು ನರಮೇಧ. ಕೊಲ್ಲುವುದು ಒಂದೇ ಅಲ್ಲ. ಆ ಗುಂಪಿನಲ್ಲಿ ಮಕ್ಕಳು ಹುಟ್ಟದಂತೆ ಮಾಡುವುದು, ಹುಟ್ಟಿದ ಮಕ್ಕಳನ್ನು ಕಿತ್ತು ಬೇರೆಯವರಿಗೆ ಕೊಡುವುದೂ ಇದರಲ್ಲಿ ಸೇರುತ್ತದೆ.

ಈ ಕಾನೂನಿನ ಹಿಂದೆ ಇದ್ದವರು ರಾಫೆಲ್ ಲೆಮ್ಕಿನ್ ಎಂಬ ಪೋಲೆಂಡಿನ ಯಹೂದಿ ವಕೀಲರು. ಹಿಟ್ಲರನ ಕಾಲದಲ್ಲಿ ಅವರ ಬಂಧುಗಳಲ್ಲಿ 49 ಜನ ಸತ್ತರು. ಅಂಥವರು ಬಂದೂಕು ಹಿಡಿಯದೆ ಕಾನೂನಿನ ಕರಡು ಹಿಡಿದು ದೇಶದೇಶದ ಪ್ರತಿನಿಧಿಗಳ ಬೆನ್ನು ಬಿದ್ದರು. ಈ ವಿಷಯದ ಮಾತು ಶುರುವಾದಾಗ ನನಗೆ ಮೊದಲು ನೆನಪಾಗುವುದು ಅವರೇ.

ಸೇಡು, ನ್ಯಾಯ ಎರಡರಲ್ಲೂ ಕೊನೆಗೆ ಶಿಕ್ಷೆ ತಾನೇ? ವ್ಯತ್ಯಾಸ ಏನು?

ನಮ್ಮ ಕೋಲಾರದ ಬೆಟ್ಟದ ಕಥೆಯನ್ನೇ ತೆಗೆದುಕೊಳ್ಳಿ. ಪರಶುರಾಮ ಕಾರ್ತವೀರ್ಯಾರ್ಜುನನನ್ನು ಕೊಂದದ್ದು ಇಲ್ಲೇ ಎಂದು ಸ್ಥಳಪುರಾಣ ಹೇಳುತ್ತದೆ. ಕೋಲಾರಮ್ಮನನ್ನು ಪರಶುರಾಮನ ತಾಯಿ ರೇಣುಕೆ ಎಂದೇ ಜನ ಪೂಜಿಸುತ್ತಾರೆ. ಕಾರ್ತವೀರ್ಯ ಆಶ್ರಮದ ಹಸುವನ್ನು ಎಳೆದುಕೊಂಡು ಹೋದ. ಅದಕ್ಕೆ ಪರಶುರಾಮ ಅವನನ್ನು ಕೊಂದ. ಅದಕ್ಕೆ ಕಾರ್ತವೀರ್ಯನ ಮಕ್ಕಳು ಪರಶುರಾಮನ ತಂದೆ ಜಮದಗ್ನಿಯನ್ನು ಕೊಂದರು. ಅದಕ್ಕೆ ಪರಶುರಾಮ ಭೂಮಿಯನ್ನು ಇಪ್ಪತ್ತೊಂದು ಸಲ ಸುತ್ತಿ ಕ್ಷತ್ರಿಯ ಕುಲವನ್ನೇ ಕಡಿದ. ಹಸುವನ್ನು ನೋಡಿಯೇ ಇರದ ಎಷ್ಟು ಜನ ಅದರಲ್ಲಿ ಹೋದರು?

ವ್ಯತ್ಯಾಸ ಇರುವುದು ಇಲ್ಲಿ. ನ್ಯಾಯಕ್ಕೆ ಒಂದು ಹೆಸರು ಬೇಕು. ಆ ಹೆಸರಿನವನು ಈ ಕೆಲಸ ಮಾಡಿದ ಎಂಬುದಕ್ಕೆ ಸಾಕ್ಷಿ ಬೇಕು. ಅವನ ಮಾತನ್ನೂ ಕೇಳಬೇಕು. ಸೇಡಿಗೆ ಇದ್ಯಾವುದೂ ಬೇಡ, ಅವನು ಆ ಕಡೆಯವನಾಗಿದ್ದರೆ ಸಾಕು. ಆದರೆ ನರಮೇಧ ಮಾಡಿದವನ ಲೆಕ್ಕವೂ ಇದೇ ಆಗಿತ್ತಲ್ಲ: ನೀನು ಏನು ಮಾಡಿದೆ ಅನ್ನುವುದು ಬೇಡ, ನೀನು ಯಾರಿಗೆ ಹುಟ್ಟಿದೆ ಹೇಳು. ಅದಕ್ಕೇ ಸೇಡಿನ ದಾರಿ ಹಿಡಿದವರು ಕೊಂದವರ ಲೆಕ್ಕವನ್ನೇ ಒಪ್ಪಿಕೊಂಡಂತೆ ಆಗುತ್ತದೆ ಎಂದು ನಾನು ಹೇಳುವುದು.

ಮನೆಮಂದಿಯನ್ನೆಲ್ಲ ಕಳಕೊಂಡವನಿಗೆ ಸೇಡು ಬೇಕು ಅನಿಸೋದು ತಪ್ಪಾ?

ಇಲ್ಲ. ಅವನ ಮುಂದೆ ನಿಂತು ತಪ್ಪು ಎನ್ನುವ ಹಕ್ಕು ನನಗಂತೂ ಇಲ್ಲ. ಹೊಟ್ಟೆಯ ಉರಿ ಬೇರೆ, ಕೈಯ ಕೆಲಸ ಬೇರೆ. ಮೊದಲನೆಯದಕ್ಕೆ ಯಾರೂ ಲೆಕ್ಕ ಕೇಳುವಂತಿಲ್ಲ.

## ಇತಿಹಾಸದಲ್ಲಿ ನಡೆದದ್ದು

ನಿಜವಾಗಿಯೂ ಸೇಡು ತೀರಿಸಿಕೊಂಡವರು ಇದ್ದಾರಾ?

ಇದ್ದಾರೆ. ಎರಡು ಘಟನೆ ಹೇಳುತ್ತೇನೆ.

1915ರಲ್ಲಿ, ಈಗಿನ ಟರ್ಕಿಯ ಜಾಗದಲ್ಲಿದ್ದ ಆಟೊಮನ್ ಸಾಮ್ರಾಜ್ಯದಲ್ಲಿ ಆರ್ಮೇನಿಯನ್ನರ ನರಮೇಧ ಶುರುವಾಯಿತು. ಅದರ ಮುಖ್ಯ ರೂವಾರಿ ಆಗಿನ ಗೃಹಮಂತ್ರಿ ತಲಾತ್ ಪಾಷಾ. ಮೊದಲ ಮಹಾಯುದ್ಧ ಸೋತ ಮೇಲೆ ಅವನು ಜರ್ಮನಿಗೆ ಓಡಿಹೋದ. 1919ರಲ್ಲಿ ಇಸ್ತಾಂಬುಲ್‌ನ ಸೇನಾ ನ್ಯಾಯಾಲಯ ಅವನಿಲ್ಲದೆಯೇ ಮರಣದಂಡನೆ ವಿಧಿಸಿತು. ಆದರೆ ಅವನನ್ನು ಹಿಡಿದು ತಂದವರು ಯಾರೂ ಇಲ್ಲ. 1921ರ ಮಾರ್ಚ್ 15ರಂದು ಬರ್ಲಿನ್ ಬೀದಿಯಲ್ಲಿ ಸೊಗೊಮೊನ್ ತೆಹ್ಲಿರಿಯನ್ ಎಂಬ ಆರ್ಮೇನಿಯನ್ ಯುವಕ ಅವನಿಗೆ ಗುಂಡು ಹೊಡೆದ. ಅವನೇ ಕೊಂದದ್ದು ಎಂಬುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಆದರೂ ಬರ್ಲಿನ್ನಿನ ಜ್ಯೂರಿ ಅವನನ್ನು ಬಿಟ್ಟುಬಿಟ್ಟಿತು. ಈ ಕಥೆ ಹೇಳಿದಾಗ ಕ್ಲಾಸಿನಲ್ಲಿ ಚಪ್ಪಾಳೆ ಬೀಳುತ್ತದೆ. ನನಗೂ ಅರ್ಥವಾಗುತ್ತದೆ. ಆದರೆ ಅವನ ಹಿಂದೆ ಒಂದು ಗುಪ್ತ ತಂಡ ಕೆಲಸ ಮಾಡಿತ್ತು ಎಂಬ ಸಂಗತಿ ಆ ವಿಚಾರಣೆಯಲ್ಲಿ ಹೊರಬರಲಿಲ್ಲ. ತಲಾತ್ ಕಟಕಟೆಯಲ್ಲಿ ನಿಂತು ಪ್ರಶ್ನೆಗಳಿಗೆ ಉತ್ತರ ಕೊಡುವ ದಿನವೂ ಬರಲಿಲ್ಲ, ಗುಂಡು ಆ ದಿನವನ್ನೂ ಮುಗಿಸಿತು. ಆಗ ವಿದ್ಯಾರ್ಥಿಯಾಗಿದ್ದ ಲೆಮ್ಕಿನ್‌ಗೆ ಕಾಡಿದ್ದು ಇದೇ: ಒಬ್ಬನನ್ನು ಕೊಂದರೆ ಅಪರಾಧ, ಲಕ್ಷಾಂತರ ಜನರನ್ನು ಕೊಂದವನನ್ನು ಹಿಡಿಯಲು ಕಾನೂನೇ ಇಲ್ಲ, ಇದೇನು?

ಎರಡನೆಯದು ಕೇಳಿದರೆ ಯಾರೂ ಚಪ್ಪಾಳೆ ಹೊಡೆಯುವುದಿಲ್ಲ. ಎರಡನೇ ಮಹಾಯುದ್ಧದಲ್ಲಿ ಸುಮಾರು 60 ಲಕ್ಷ ಯಹೂದಿಗಳನ್ನು ಕೊಲ್ಲಲಾಯಿತು. ಬದುಕುಳಿದ ಕೆಲವರು ಅಬ್ಬಾ ಕೊವ್ನರ್ ಎಂಬ ಕವಿಯ ಮುಂದಾಳತ್ವದಲ್ಲಿ ಒಂದು ಗುಂಪು ಕಟ್ಟಿದರು. ಜರ್ಮನಿಯ ಊರುಗಳ ಕುಡಿಯುವ ನೀರಿಗೆ ವಿಷ ಹಾಕಿ 60 ಲಕ್ಷ ಜರ್ಮನ್ನರನ್ನು ಕೊಲ್ಲಬೇಕು ಎಂಬುದು ಅವರ ಯೋಜನೆ. ವಿಷದೊಂದಿಗೆ ಹಡಗಿನಲ್ಲಿ ಬರುತ್ತಿದ್ದ ಕೊವ್ನರನನ್ನು ಬ್ರಿಟಿಷರು ಹಿಡಿದರು, ವಿಷ ಸಮುದ್ರದ ಪಾಲಾಯಿತು. ಆಮೇಲೆ 1946ರ ಏಪ್ರಿಲ್‌ನಲ್ಲಿ ನ್ಯೂರೆಂಬರ್ಗ್ ಹತ್ತಿರದ ಸೆರೆಶಿಬಿರವೊಂದಕ್ಕೆ ಹೋಗುವ ಬ್ರೆಡ್ಡಿಗೆ ಆರ್ಸೆನಿಕ್ ಸವರಿದರು. ಎರಡು ಸಾವಿರಕ್ಕೂ ಹೆಚ್ಚು ನಾಜಿ ಕೈದಿಗಳು ಕಾಯಿಲೆ ಬಿದ್ದರು, ಯಾರೂ ಸತ್ತ ದಾಖಲೆ ಇಲ್ಲ.

ಆ ಗುಂಪಿನವರು ಕ್ರೂರಿಗಳಲ್ಲ. ಅವರು ನೋಡಿದ್ದನ್ನು ನಾವು ಯಾರೂ ನೋಡಿಲ್ಲ. ಆದರೂ ಆ ನಲ್ಲಿಯ ನೀರು ಕುಡಿಯುತ್ತಿದ್ದ ಮೂರು ವರ್ಷದ ಮಗು ಏನು ಮಾಡಿತ್ತು? ಆ ವಿಷ ಸಮುದ್ರಕ್ಕೆ ಬಿದ್ದದ್ದು ಬದುಕುಳಿದವರ ಪುಣ್ಯ ಎಂದೇ ನಾನು ನಂಬುತ್ತೇನೆ.

ನ್ಯೂರೆಂಬರ್ಗ್ ವಿಚಾರಣೆ ಗೆದ್ದವರು ಮಾಡಿದ ಪಂಚಾಯ್ತಿ ಅಲ್ವಾ?

ಸ್ವಲ್ಪ ಮಟ್ಟಿಗೆ ಹೌದು. ಎರಡನೇ ಮಹಾಯುದ್ಧ ಮುಗಿದ ಮೇಲೆ ನಾಜಿ ನಾಯಕರನ್ನು ವಿಚಾರಿಸಿದ ಆ ಕೋರ್ಟಿನ ನ್ಯಾಯಾಧೀಶರೆಲ್ಲ ಗೆದ್ದ ನಾಲ್ಕು ದೇಶದವರು. ಕಾತಿನ್ ಕಾಡಿನಲ್ಲಿ ಪೋಲೆಂಡಿನ ಸೇನಾಧಿಕಾರಿಗಳನ್ನು ಕೊಂದದ್ದು ಸೋವಿಯತ್ ರಷ್ಯಾ, ಅದನ್ನು ಜರ್ಮನ್ನರ ತಲೆಗೆ ಕಟ್ಟಲು ಅಲ್ಲಿ ಪ್ರಯತ್ನ ನಡೆಯಿತು. ಜರ್ಮನಿಯ ಡ್ರೆಸ್ಡನ್ ನಗರದ ಮೇಲೆ ಬ್ರಿಟನ್, ಅಮೆರಿಕ ಬಾಂಬು ಹಾಕಿದ್ದನ್ನು ಯಾರೂ ಕೇಳಲಿಲ್ಲ.

ಆದರೆ ಅದರ ಬದಲು ಏನು ನಡೆಯಬಹುದಿತ್ತು ನೋಡಿ. ನಾಜಿ ನಾಯಕರನ್ನು ಹಿಡಿದ ಕೂಡಲೇ ಗುಂಡಿಟ್ಟು ಮುಗಿಸಬೇಕು ಎಂದು ಮೊದಲು ಹೇಳಿದವರು ಚರ್ಚಿಲ್. ಹಾಗೆ ಆಗಲಿಲ್ಲ. 1945ರ ನವೆಂಬರ್‌ನಿಂದ 1946ರ ಅಕ್ಟೋಬರ್ 1ರವರೆಗೆ ವಿಚಾರಣೆ ನಡೆಯಿತು. 12 ಜನರಿಗೆ ಮರಣದಂಡನೆ, ಮೂವರು ಖುಲಾಸೆ. ಬರೀ ಸೇಡಿನ ಕೋರ್ಟಾಗಿದ್ದರೆ ಆ ಮೂವರು ಹೊರಗೆ ಬರುತ್ತಿರಲಿಲ್ಲ. ನಾಜಿಗಳ ಸ್ವಂತ ಕಡತಗಳೇ ಅಲ್ಲಿ ಸಾಕ್ಷಿಯಾದವು. ಇವತ್ತು ಯಾರಾದರೂ ಅದೆಲ್ಲ ಕಟ್ಟುಕಥೆ ಎಂದರೆ ಬಾಯಿ ಮುಚ್ಚಿಸಲು ಆ ಕಡತಗಳಿವೆ.

ರುವಾಂಡಾದಲ್ಲಿ ಊರಿನವರೇ ಕೂತು ನ್ಯಾಯ ಹೇಳಿದರಂತೆ. ನಮ್ಮ ಅರಳಿಕಟ್ಟೆ ಪಂಚಾಯ್ತಿ ತರಹಾನಾ?

ನೋಡಲು ಹಾಗೇ ಕಾಣುತ್ತದೆ. 1994ರ ಏಪ್ರಿಲ್‌ನಿಂದ ಜುಲೈವರೆಗೆ, ಸುಮಾರು ನೂರು ದಿನಗಳಲ್ಲಿ, ಅಲ್ಲಿ ಎಂಟು ಲಕ್ಷದಷ್ಟು ಜನರನ್ನು ಕೊಂದರು. ಹೆಚ್ಚಿನವರು ಟುಟ್ಸಿ ಎಂಬ ಅಲ್ಪಸಂಖ್ಯಾತ ಜನಾಂಗದವರು. ಕೊಂದ ಕಡೆಯ ಬಹುಸಂಖ್ಯಾತ ಹುಟು ಜನಾಂಗದಲ್ಲಿ ಕೊಲ್ಲಲು ಒಪ್ಪದ, ಎದುರು ನಿಂತವರೂ ಸತ್ತರು. ಕೊಂದವರಲ್ಲಿ ಸೈನಿಕರಷ್ಟೇ ಅಲ್ಲ, ಪಕ್ಕದ ಮನೆಯವರು, ಮೇಷ್ಟ್ರುಗಳು, ಒಂದೇ ಚರ್ಚಿಗೆ ಹೋಗುತ್ತಿದ್ದವರು ಇದ್ದರು. ಜೈಲುಗಳಲ್ಲಿ ಒಂದು ಲಕ್ಷ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ತುಂಬಿಕೊಂಡರು. ನ್ಯಾಯಾಧೀಶರಲ್ಲಿ ಬಹುಪಾಲು ಸತ್ತಿದ್ದರು ಇಲ್ಲವೇ ದೇಶ ಬಿಟ್ಟಿದ್ದರು. ತಾಂಜಾನಿಯಾದ ಅರುಷಾದಲ್ಲಿ ವಿಶ್ವಸಂಸ್ಥೆ ತೆರೆದ ನ್ಯಾಯಮಂಡಳಿ ಇಪ್ಪತ್ತು ವರ್ಷಗಳಲ್ಲಿ ಆರೋಪ ಹೊರಿಸಿದ್ದು 93 ಜನರ ಮೇಲೆ. ಉಳಿದವರ ಕೇಸು ಮಾಮೂಲಿ ಕೋರ್ಟುಗಳಲ್ಲಿ ಮುಗಿಯಲು ನೂರು ವರ್ಷ ಬೇಕಾಗುತ್ತಿತ್ತು.

ಆಗ ಹುಟ್ಟಿದ್ದು ಗಚಾಚಾ ನ್ಯಾಯಾಲಯ. ಊರಿನವರೇ ಆರಿಸಿದ ನ್ಯಾಯಾಧೀಶರು, ಬಯಲಿನಲ್ಲಿ ಸಭೆ, ವಕೀಲರಿಲ್ಲ. 2005ರಿಂದ ದೇಶದ ತುಂಬ ನಡೆದು 2012ರ ಜೂನ್‌ನಲ್ಲಿ ಮುಗಿಯಿತು. ಸುಮಾರು 12,000 ನ್ಯಾಯಾಲಯಗಳು, 19 ಲಕ್ಷದಷ್ಟು ಕೇಸುಗಳು. ತಪ್ಪೊಪ್ಪಿಕೊಂಡು, ಹೆಣ ಎಲ್ಲಿ ಹೂತೆವು ಎಂದು ತೋರಿಸಿದವನಿಗೆ ಶಿಕ್ಷೆ ಕಡಿಮೆ, ಅದರಲ್ಲೂ ಒಂದು ಭಾಗ ರಸ್ತೆ, ಮನೆ ಕಟ್ಟುವಂಥ ಸಾರ್ವಜನಿಕ ಕೆಲಸ. ಎಷ್ಟೋ ತಾಯಂದಿರಿಗೆ ಮಗನ ಮೂಳೆ ಸಿಕ್ಕಿದ್ದು ಹೀಗೆ.

ನಮ್ಮ ಕಟ್ಟೆ ಪಂಚಾಯ್ತಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ನಮ್ಮಲ್ಲಿ ಪಂಚಾಯ್ತಿ ಕೂರುವುದು ಹೆಚ್ಚಾಗಿ ರಾಜಿ ಮಾಡಿಸಲು. ಬಲ ಇದ್ದವನು ದಂಡ ಕಟ್ಟುತ್ತಾನೆ, ಇಲ್ಲದವನು ಹೊಟ್ಟೆಗೆ ಹಾಕಿಕೊಳ್ಳುತ್ತಾನೆ. ಗಚಾಚಾದಲ್ಲಿ ಹೆಸರು ಹಿಡಿದು ಕೇಳಿದರು, ದಾಖಲೆ ಬರೆದರು, ಕಾನೂನಿನ ಶಿಕ್ಷೆ ಕೊಟ್ಟರು. ಹಾಗೆಂದು ಅದನ್ನು ಹೊಗಳಿ ಬಿಡುವಂತಿಲ್ಲ. ಹಳೇ ಜಗಳಕ್ಕೆ ಸುಳ್ಳು ಆರೋಪ ಹೊರಿಸಿದವರಿದ್ದರು. ಸಾಕ್ಷಿ ಹೇಳಿದವರ ಕೊಲೆಗಳೂ ನಡೆದವು. ಎಲ್ಲಕ್ಕಿಂತ ದೊಡ್ಡ ಕೊರತೆ ಎಂದರೆ, ನರಮೇಧ ನಿಲ್ಲಿಸಿ ಅಧಿಕಾರಕ್ಕೆ ಬಂದ ಸೈನ್ಯದವರು ಕೊಂದ ಸಾವಿರಾರು ನಾಗರಿಕರ ಕೇಸು ಆ ಬಯಲಿಗೆ ಬರಲೇ ಇಲ್ಲ. ಒಂದು ಕಡೆಯವರ ಹೆಣ ಮಾತ್ರ ಎಣಿಸಿದರೆ ಇನ್ನೊಂದು ಕಡೆಯವರು ಹಗೆಯನ್ನು ಮನೆಯೊಳಗೆ ಸಾಕುತ್ತಾರೆ.

ಮೂವತ್ತು ವರ್ಷ ಆದಮೇಲೆ ಹಣ್ಣು ಮುದುಕರನ್ನ ಜೈಲಿಗೆ ಹಾಕಿ ಏನು ಬಂತು?

ಕಾಂಬೋಡಿಯಾದ ಬಗ್ಗೆ ಈ ಪ್ರಶ್ನೆ ಜಾಸ್ತಿ ಬರುತ್ತದೆ. 1975ರಿಂದ 1979ರವರೆಗೆ ಖ್ಮೇರ್ ರೂಜ್ ಎಂಬ ಕಮ್ಯುನಿಸ್ಟ್ ಪಕ್ಷದ ಆಡಳಿತದಲ್ಲಿ 17 ಲಕ್ಷದಿಂದ 20 ಲಕ್ಷ ಜನ ಸತ್ತರು. ಅದರ ಮುಖ್ಯಸ್ಥ ಪೋಲ್ ಪಾಟ್ 1998ರಲ್ಲಿ ಹಾಸಿಗೆಯ ಮೇಲೆ ಸತ್ತ. ಆಮೇಲೆ ಕೂತ ನ್ಯಾಯಾಲಯ ಹತ್ತಾರು ಕೋಟಿ ಡಾಲರ್ ಖರ್ಚು ಮಾಡಿ ಶಿಕ್ಷೆ ಕೊಟ್ಟದ್ದು ಮೂವರಿಗೆ. ಅದೇ ಪಕ್ಷದ ದೊಡ್ಡ ನಾಯಕರಾದ ನುವಾನ್ ಚೆಯಾ ಮತ್ತು ಖಿಯು ಸಂಫಾನ್ ನರಮೇಧದ ಅಪರಾಧಿಗಳು ಎಂದು ತೀರ್ಪು ಬಂದಾಗ 2018, ಇಬ್ಬರಿಗೂ ಎಂಬತ್ತು ದಾಟಿತ್ತು.

ತಡವಾಯಿತು, ಬಹಳ ತಡವಾಯಿತು. ಆದರೂ ಬೇಡವಿತ್ತು ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಬೋಸ್ನಿಯಾದ ಸ್ರೆಬ್ರೆನಿತ್ಸಾ ನೋಡಿ. 1995ರ ಜುಲೈನಲ್ಲಿ ಅಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಮುಸ್ಲಿಂ ಗಂಡಸರು, ಹುಡುಗರನ್ನು ಕೊಂದು ಹೂತರು. ಆಮೇಲೆ ಸುಳಿವು ಸಿಗಬಾರದು ಎಂದು ಯಂತ್ರ ತಂದು ಗುಂಡಿ ಅಗೆದು ಹೆಣಗಳನ್ನು ಬೇರೆ ಬೇರೆ ಕಡೆ ಸಾಗಿಸಿದರು. ಒಬ್ಬನದೇ ಮೂಳೆಗಳು ಎರಡು ಮೂರು ಗುಂಡಿಗಳಲ್ಲಿ ಸಿಕ್ಕವು. ಡಿಎನ್‌ಎ ಪರೀಕ್ಷೆಯಿಂದ ಏಳು ಸಾವಿರದ ಹತ್ತಿರ ಜನರ ಗುರುತು ಸಿಕ್ಕಿದೆ. ಕೊಂದ ಬೋಸ್ನಿಯಾ ಸರ್ಬ್ ಸೈನ್ಯದ ದಂಡನಾಯಕ ರಾತ್ಕೊ ಮ್ಲಾದಿಚ್ 2011ರಲ್ಲಿ ಸಿಕ್ಕಿಬಿದ್ದ, ಜೀವಾವಧಿ ಶಿಕ್ಷೆ 2021ರಲ್ಲಿ ಖಾಯಂ ಆಯಿತು. ಅಷ್ಟು ವರ್ಷ ಆ ತಾಯಂದಿರು ಕೋರ್ಟಿನ ಬಾಗಿಲು ಕಾದರು. ಅವರು ಕೇಳಿದ್ದು ಮಗ ಎಲ್ಲಿ, ಕೊಂದವರು ಯಾರು ಎಂದು. ಅದಕ್ಕೆ ಸೇಡಿನಿಂದ ಉತ್ತರ ಸಿಗುವುದಿಲ್ಲ.

## ಕಷ್ಟದ ಪ್ರಶ್ನೆಗಳು

ಕಣ್ಣಾರೆ ನೋಡಿದವರೇ ಇವನೇ ಅಂದಮೇಲೆ ವಿಚಾರಣೆ ಯಾಕೆ ಸಾರ್?

ಜಾನ್ ದೆಮ್ಯಾನ್ಯುಕ್ ಕೇಸು ಓದಿ. ನಾಜಿಗಳ ಟ್ರೆಬ್ಲಿಂಕಾ ಸಾವಿನ ಶಿಬಿರದಲ್ಲಿ ವಿಷದ ಗಾಳಿಯ ಕೋಣೆ ನಡೆಸುತ್ತಿದ್ದ ಕ್ರೂರಿ ಇವನೇ ಎಂದು ಬದುಕುಳಿದವರು ಕೋರ್ಟಿನಲ್ಲಿ ಬೆರಳು ತೋರಿಸಿದರು. 1988ರಲ್ಲಿ ಇಸ್ರೇಲಿನ ಕೋರ್ಟು ಮರಣದಂಡನೆ ಕೊಟ್ಟಿತು. ಆಮೇಲೆ ಸೋವಿಯತ್ ಕಡತಗಳು ಸಿಕ್ಕವು, ಆ ಕ್ರೂರಿ ಬೇರೊಬ್ಬ ಇರಬಹುದು ಎಂಬ ಅನುಮಾನ ಹುಟ್ಟಿತು. 1993ರಲ್ಲಿ ಇಸ್ರೇಲಿನ ಸುಪ್ರೀಂ ಕೋರ್ಟ್ ಅವನನ್ನು ಬಿಟ್ಟಿತು. ಆ ಸಾಕ್ಷಿಗಳು ಸುಳ್ಳು ಹೇಳಿರಲಿಲ್ಲ. ನೋವು ಅಷ್ಟು ದೊಡ್ಡದಿತ್ತು, ನಡುವೆ ನಲವತ್ತು ವರ್ಷ ಕಳೆದಿತ್ತು. ಅದೇ ಮನುಷ್ಯ ಸೊಬಿಬೊರ್ ಎಂಬ ಇನ್ನೊಂದು ಶಿಬಿರದಲ್ಲಿ ಕಾವಲುಗಾರನಾಗಿದ್ದ ಎಂದು 2011ರಲ್ಲಿ ಮ್ಯೂನಿಕ್ ಕೋರ್ಟು ಸುಮಾರು 28,000 ಕೊಲೆಗಳಲ್ಲಿ ನೆರವಾದ ಅಪರಾಧಕ್ಕೆ ಶಿಕ್ಷೆ ಕೊಟ್ಟಿತು. ಮೇಲ್ಮನವಿ ಮುಗಿಯುವ ಮೊದಲೇ ಸತ್ತ.

60 ಲಕ್ಷ ಜನರನ್ನು ಕಳೆದುಕೊಂಡ ಸಮುದಾಯದ ಕೋರ್ಟು, ಕೈಗೆ ಸಿಕ್ಕವನನ್ನು ಅನುಮಾನ ಇದೆ ಎಂದು ಬಿಟ್ಟಿತಲ್ಲ, ಅದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ.

ಗಲ್ಲಿಗೆ ಹಾಕಿದರೆ ಅದೂ ಸೇಡೇ ಅಲ್ವಾ?

ಯಹೂದಿಗಳನ್ನು ಸಾವಿನ ಶಿಬಿರಗಳಿಗೆ ಸಾಗಿಸುವ ಉಸ್ತುವಾರಿ ಹೊತ್ತಿದ್ದ ನಾಜಿ ಅಧಿಕಾರಿ ಐಕ್‌ಮನ್‌ನನ್ನು ಇಸ್ರೇಲ್ 1962ರಲ್ಲಿ ಗಲ್ಲಿಗೆ ಹಾಕಿತು. ಬೇಡ ಎಂದು ಕೇಳಿಕೊಂಡವರಲ್ಲಿ ಯಹೂದಿ ತತ್ವಜ್ಞಾನಿ ಮಾರ್ಟಿನ್ ಬೂಬರ್ ಕೂಡ ಇದ್ದರು. ರುವಾಂಡಾ 1998ರ ಏಪ್ರಿಲ್‌ನಲ್ಲಿ 22 ಜನರನ್ನು ಜನರ ಮುಂದೆ ಗುಂಡಿಟ್ಟು ಕೊಂದಿತು. ಅದೇ ದೇಶ 2007ರಲ್ಲಿ ಮರಣದಂಡನೆಯನ್ನೇ ತೆಗೆದುಹಾಕಿತು.

ಬಾಂಗ್ಲಾದೇಶದಲ್ಲಿ ನಡೆದದ್ದು ಇನ್ನೂ ಗೋಜಲು. 1971ರ ವಿಮೋಚನಾ ಯುದ್ಧದ ಕಾಲದ ಅಪರಾಧಗಳಿಗೆ ಜಮಾತೆ ಇಸ್ಲಾಮಿ ಪಕ್ಷದ ನಾಯಕ ಅಬ್ದುಲ್ ಖಾದರ್ ಮೊಲ್ಲಾಗೆ 2013ರ ಫೆಬ್ರವರಿಯಲ್ಲಿ ಜೀವಾವಧಿ ಶಿಕ್ಷೆ ಆಯಿತು. ಢಾಕಾದ ಶಾಹಬಾಗ್‌ನಲ್ಲಿ ಲಕ್ಷಾಂತರ ಜನ ಸೇರಿ ಗಲ್ಲು ಬೇಕು ಎಂದರು. ಸರ್ಕಾರ ಮೇಲ್ಮನವಿ ಹಾಕಲು ಆಗುವಂತೆ ಕಾನೂನನ್ನೇ ತಿದ್ದಿದರು. ಡಿಸೆಂಬರ್‌ನಲ್ಲಿ ಗಲ್ಲಾಯಿತು. ಆ ಜನರ ನೋವು ನಿಜ, ನಲವತ್ತು ವರ್ಷ ಕಾದಿದ್ದೂ ನಿಜ. ಆದರೆ ತೀರ್ಪು ಬಂದಮೇಲೆ ಅದು ಸಾಲದು ಎಂದು ಕಾನೂನು ಬದಲಾಯಿಸಿದರೆ ನ್ಯಾಯದ ಕೈಯಿಂದ ತಕ್ಕಡಿ ಜಾರುತ್ತದೆ. ಗಲ್ಲು ಬೇಡ ಎನ್ನುವುದು ನನ್ನ ನಿಲುವು. ಕೊಂದವನು ಬದುಕಿದ್ದರೆ ಅವನ ಬಾಯಿಂದ ಇನ್ನೊಂದು ಗುಂಡಿಯ ಜಾಗ ಹೊರಬರಬಹುದು.

ಆ ಜನಾನೇ ಹಾಗೆ ಸಾರ್. ಪೂರ್ತಿ ಜಾತಿಗೇ ಬುದ್ಧಿ ಕಲಿಸಬೇಕು ಅಂತಾರಲ್ಲ?

ಜನಮೇಜಯನ ಸರ್ಪಯಾಗ ನೆನಪಿದೆಯಾ? ಅಪ್ಪನನ್ನು ಕಚ್ಚಿದ್ದು ತಕ್ಷಕ ಒಬ್ಬ. ಬೆಂಕಿಗೆ ಬಿದ್ದದ್ದು ಸಾವಿರಾರು ಹಾವುಗಳು. ಆಸ್ತೀಕ ಬಂದು ಯಾಗ ನಿಲ್ಲಿಸಿದಾಗ ಬದುಕಿ ಉಳಿದವನು ಯಾರು? ಅದೇ ತಕ್ಷಕ. ಗುಂಪಿನ ಮೇಲೆ ತೀರಿಸಿಕೊಳ್ಳುವ ಸೇಡಿನಲ್ಲಿ ಹೆಚ್ಚಾಗಿ ಆಗುವುದೇ ಇದು. ಓಡಲಾಗದವರು ಸಾಯುತ್ತಾರೆ, ಮಾಡಿದವನು ಎಲ್ಲೋ ಹೊದ್ದು ಮಲಗಿರುತ್ತಾನೆ.

ಕ್ಷಮಿಸಿಬಿಡೋದೇ ದೊಡ್ಡತನ ಅಂತ ಹಿರಿಯರು ಹೇಳ್ತಾರಲ್ಲ?

ಕ್ಷಮೆ ಕೊಡಬೇಕಾದವರು ನೊಂದವರು. ನಾವು ನೀವು ಅವರ ಪರವಾಗಿ ಕೊಡುವಂತಿಲ್ಲ. ಸತ್ತವರ ಪರವಾಗಿಯಂತೂ ಯಾರೂ ಕೊಡುವಂತಿಲ್ಲ. ರುವಾಂಡಾದಲ್ಲಿ ಕ್ಷಮಿಸಿದವರಿದ್ದಾರೆ, ಸಾಯುವವರೆಗೂ ಕ್ಷಮಿಸಲಾರೆ ಎಂದವರೂ ಇದ್ದಾರೆ. ಎರಡನೆಯವರು ಸಣ್ಣವರಲ್ಲ. ಸತ್ಯ ಹೊರಬರುವ ಮೊದಲೇ, ಮಾಡಿದವನು ತಲೆ ತಗ್ಗಿಸುವ ಮೊದಲೇ "ಆಗಿದ್ದು ಆಯ್ತು, ಹೊಟ್ಟೆಗೆ ಹಾಕ್ಕೊಳ್ಳಿ" ಎನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅದು ನೊಂದವರ ಬಾಯಿ ಮುಚ್ಚಿಸುವ ಇನ್ನೊಂದು ದಾರಿ.

ಕೋರ್ಟಿಗೆ ಹೋದರೂ ನ್ಯಾಯ ಸಿಗಲಿಲ್ಲ. ಆಗ ಸೇಡು ಬಿಟ್ಟು ಬೇರೆ ಏನಿದೆ?

ಈ ಪ್ರಶ್ನೆ ಕೇಳಿದವರು ಚಿಂತಾಮಣಿ ಕಡೆಯವರು. ದೂರದ ದೇಶದ ಮಾತಲ್ಲ ಅದು ಎಂದು ಅವರಿಗೂ ನನಗೂ ಗೊತ್ತಿತ್ತು.

2000ದ ಮಾರ್ಚ್ 11ರ ರಾತ್ರಿ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ದಲಿತರನ್ನು ಮನೆಯೊಳಗೆ ಇದ್ದಂತೆಯೇ ಸುಟ್ಟರು. ಆಗ ಅದು ಕೋಲಾರ ಜಿಲ್ಲೆ, ಈಗ ಚಿಕ್ಕಬಳ್ಳಾಪುರ. ಅದಕ್ಕೆ ಮೊದಲು ಒಂದು ಕೊಲೆ ನಡೆದಿತ್ತು, ಅದರ ಸೇಡು ಎಂದೇ ಗುಂಪು ಬಂದದ್ದು. ಕೇಸು ನಡೆಯುವಾಗ ಸಾಕ್ಷಿಗಳು ಒಬ್ಬೊಬ್ಬರಾಗಿ ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು, 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಕಾನೂನಿನ ಲೆಕ್ಕದಲ್ಲಿ ಇದು ನರಮೇಧ ಅಲ್ಲ. 1948ರ ಒಪ್ಪಂದದ ಪಟ್ಟಿಯಲ್ಲಿ ಜಾತಿ ಎಂಬುದಿಲ್ಲ. ಆದರೆ ಹುಟ್ಟನ್ನು ನೋಡಿ ಮನೆಗೆ ಬೆಂಕಿ ಇಡುವ ಬುದ್ಧಿ ಒಂದೇ.

ಏಳು ಜನ ಸುಟ್ಟು ಸತ್ತರು, ಸುಟ್ಟವರು ಯಾರೂ ಇಲ್ಲ ಎಂದಾಯಿತು. ಆ ಮನೆಯವರಿಗೆ ಕಾನೂನನ್ನು ನಂಬಿ ಎಂದು ಯಾವ ಮುಖ ಇಟ್ಟುಕೊಂಡು ಹೇಳುವುದು? ಆದರೂ ಅವರ ಕಡೆಯಿಂದ ಒಂದು ಬೆಂಕಿ ಕಡ್ಡಿಯೂ ಏಳಲಿಲ್ಲ. ರಾಜ್ಯದ ತುಂಬ ದಲಿತ ಸಂಘಟನೆಗಳು ಬೀದಿಗೆ ಇಳಿದವು, ಅರ್ಜಿ ಹಾಕಿದವು, ಮೇಲ್ಮನವಿ ಹಾಕಿಸಿದವು. ನ್ಯಾಯ ಸೋತ ಕಡೆ ಸೇಡನ್ನು ತಡೆದು ಹಿಡಿದವರು ಬಡವರೇ. ಆ ಸಂಯಮವನ್ನು ಸುಲಭದ್ದು ಎಂದುಕೊಳ್ಳಬೇಡಿ. ಅದು ಸದಾ ಇರುತ್ತದೆ ಎಂದೂ ಸರ್ಕಾರ ಲೆಕ್ಕ ಹಾಕಬಾರದು.

ನಮ್ಮ ದೇಶದಲ್ಲಿ ನರಮೇಧಕ್ಕೆ ಅಂತ ಕಾನೂನು ಇದೆಯಾ?

ಪ್ರತ್ಯೇಕವಾಗಿ ಇಲ್ಲ. ಭಾರತ 1959ರಲ್ಲೇ ಒಪ್ಪಂದಕ್ಕೆ ಅಂತಿಮ ಒಪ್ಪಿಗೆ ಕೊಟ್ಟಿದೆ, ಆದರೆ ಅದಕ್ಕೆ ತಕ್ಕ ಕಾನೂನು ಮಾಡಿಲ್ಲ. 1984ರ ಸಿಖ್ಖರ ಹತ್ಯೆಯ ಕೇಸಿನಲ್ಲಿ ದೆಹಲಿ ಹೈಕೋರ್ಟ್ 2018ರ ಡಿಸೆಂಬರ್ 17ರಂದು ಕಾಂಗ್ರೆಸ್ ನಾಯಕರಾಗಿದ್ದ ಸಜ್ಜನ್ ಕುಮಾರ್‌ಗೆ ಜೀವಾವಧಿ ಶಿಕ್ಷೆ ಕೊಟ್ಟಾಗ ಇದೇ ಕೊರತೆಯನ್ನು ಎತ್ತಿ ತೋರಿಸಿತು. ಆ ತೀರ್ಪು ಬರಲು 34 ವರ್ಷ ಹಿಡಿದಿತ್ತು.

ನಾನು ಸಾಮಾನ್ಯ ಮನುಷ್ಯ. ಇಲ್ಲಿ ಕೂತು ಏನು ಮಾಡೋಕಾಗುತ್ತೆ?

ಸಾಕ್ಷಿಗಳ ಜೊತೆ ನಿಲ್ಲಬಹುದು. ಇಂಥ ಕೇಸು ಬೀಳುವುದು ಅಲ್ಲೇ. ಕೂಲಿ ಬಿಟ್ಟು ಕೋರ್ಟಿಗೆ ಬರಬೇಕು, ಅದೇ ಬಸ್ಸಿನಲ್ಲಿ ಆರೋಪಿಯ ಕಡೆಯವರೂ ಇರುತ್ತಾರೆ, ಸಂಜೆ ಅದೇ ಊರಿಗೆ ವಾಪಸ್ ಹೋಗಬೇಕು. ಅವನ ಪಕ್ಕದಲ್ಲಿ ನಾಲ್ಕು ಜನ ಕೂತಿದ್ದರೆ ಎಷ್ಟೋ ಧೈರ್ಯ.

ಈಗ ಕಾನೂನಿನ ಬೆಂಬಲವೂ ಇದೆ. ಸುಪ್ರೀಂ ಕೋರ್ಟ್ 2018ರಲ್ಲಿ ಸಾಕ್ಷಿ ರಕ್ಷಣಾ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಪ್ರತಿ ಜಿಲ್ಲೆಯಲ್ಲೂ ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಇರಬೇಕು, ಜಿಲ್ಲೆಯ ಪೊಲೀಸ್ ಮುಖ್ಯಸ್ಥರು ಅದರ ಸದಸ್ಯರು. ಬೆದರಿಕೆ ಇದೆ ಎಂದು ಸಾಕ್ಷಿಯೇ ಅರ್ಜಿ ಕೊಡಬಹುದು, ಮನೆಯವರು ಅಥವಾ ವಕೀಲರೂ ಕೊಡಬಹುದು. ಪರಿಶಿಷ್ಟರ ಮೇಲಿನ ದೌರ್ಜನ್ಯದ ಕೇಸಾದರೆ 2016ರ ಜನವರಿಯಿಂದ ಜಾರಿಯಲ್ಲಿರುವ ತಿದ್ದುಪಡಿಯ ಪ್ರಕಾರ ಸಾಕ್ಷಿಗೆ ರಕ್ಷಣೆ, ಪ್ರಯಾಣದ ಖರ್ಚು, ಊರು ಬಿಡಬೇಕಾದರೆ ಬೇರೆ ಕಡೆ ವಾಸದ ವ್ಯವಸ್ಥೆ ಇವೆಲ್ಲ ಹಕ್ಕು. ನಿಮ್ಮ ಊರಿನಲ್ಲಿ ಅಂಥ ಸಾಕ್ಷಿ ಒಬ್ಬರಿದ್ದರೆ ಈ ಅರ್ಜಿ ಬರೆದುಕೊಡಿ, ವಿಚಾರಣೆಯ ದಿನ ಅವರ ಜೊತೆ ಬಸ್ಸು ಹತ್ತಿ.